ಇಂಟರ್‌ಲಾಕ್ ಇಟ್ಟಿಗೆ ಮನೆ: ಮೂಲೆ ಭದ್ರ ಮಾಡುವುದು ಹೇಗೆ?

2022ರ ಜೂನ್ ಕೊನೆಯಲ್ಲಿ ಸುಳ್ಯ, ಮಡಿಕೇರಿ ಕಡೆ ನೆಲ ಮತ್ತೆ ಮತ್ತೆ ನಡುಗಿತು. ಕಂಪನ ಸಣ್ಣದೇ. ಆದರೂ ಗಾರೆಯಿಲ್ಲದ ಇಂಟರ್‌ಲಾಕ್ ಇಟ್ಟಿಗೆಯಲ್ಲಿ ಮನೆ ಕಟ್ಟುವವರು ಮೂಲೆಗಳ ಬಗ್ಗೆ ಯೋಚಿಸಲೇಬೇಕು. ಇಟ್ಟಿಗೆಗಳೇ ಒಂದನ್ನೊಂದು ಕಚ್ಚಿಕೊಂಡಿವೆ, ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ? ಆ ಕಚ್ಚು ಇಟ್ಟಿಗೆ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ, ಮೇಲಕ್ಕೆ ಏಳದಂತೆ ತಡೆಯುವುದಿಲ್ಲ. ನೆಲ ಅಲುಗಿದಾಗ ಆ ಅಲುಗಾಟದ ದಿಕ್ಕಿಗೆ ಅಡ್ಡ ನಿಂತ ಗೋಡೆ ಹೊರಕ್ಕೆ ವಾಲುತ್ತದೆ, ಅದೇ ದಿಕ್ಕಿನ ಉದ್ದಕ್ಕಿರುವ ಗೋಡೆ ವಾಲುವುದಿಲ್ಲ. ಅವೆರಡೂ ಸೇರುವ ಮೂಲೆಯೇ ಮೊದಲು ಬಿರಿಯುವುದು.

ಹಾಗಾಗಿ ಮೂಲೆಯಲ್ಲಿ ಕಂಬಿ ನಿಲ್ಲಿಸಿ ಕಾಂಕ್ರೀಟ್ ತುಂಬಲು ಬರುವಂತೆ ತೂತಿರುವ ಇಟ್ಟಿಗೆಯನ್ನೇ ಕೇಳಿ ತನ್ನಿ. ಉದ್ದ ಅಗಲದ ಎರಡರಷ್ಟಿರಲಿ, 300 ಮಿ.ಮೀ.ಗೆ 150ರಂತೆ. ಆಗ ಮೂಲೆಯಲ್ಲಿ ತೂತಿನ ಮೇಲೆ ತೂತು ಸರಿಯಾಗಿ ಕೂರುತ್ತದೆ.

ಪ್ಲಿಂತ್ ಬೀಮ್‌ಗೆ (ಪಾಯದ ಮೇಲೆ, ಗೋಡೆಯ ಬುಡದಲ್ಲಿ ಬರುವ ಕಾಂಕ್ರೀಟ್ ತೊಲೆ) ಕಾಂಕ್ರೀಟ್ ಹಾಕುವ ಮುಂಚೆಯೇ ಪ್ರತಿ ಮೂಲೆಯಲ್ಲೂ, ಗೋಡೆಗೆ ಗೋಡೆ ಸೇರುವಲ್ಲೂ 12 ಮಿ.ಮೀ. ಕಂಬಿ ನಿಲ್ಲಿಸಿ. ಬುಡ ಬಗ್ಗಿಸಿ ಬೀಮ್‌ನ ಕಂಬಿಗೆ ಕಟ್ಟಿ. ಕಂಬಿ ತೀರಾ ಉದ್ದ ಬೇಡ, ಇಟ್ಟಿಗೆ ಪೋಣಿಸಲು ಕಷ್ಟ. ಮುಂದೆ ಇನ್ನೊಂದು ಕಂಬಿ ಜೋಡಿಸುವಾಗ ಎರಡೂ 2 ಅಡಿ ಉದ್ದಕ್ಕೆ ಒಂದರ ಪಕ್ಕ ಒಂದು ಬರಲಿ.

ಮೊದಲ ವರಸೆಯನ್ನು ಮಾತ್ರ ಸಿಮೆಂಟ್ ಗಾರೆಯ ಮೇಲೆ ಕೂರಿಸಿ ಮಟ್ಟ ನೋಡಿ. ಇಲ್ಲಿ ಏರುಪೇರಾದರೆ ಮೇಲೆ ಸರಿಪಡಿಸಲು ಗಾರೆಯೇ ಇರುವುದಿಲ್ಲ. ಮೂಲೆಯಲ್ಲಿ ಒಂದು ವರಸೆಯ ಇಟ್ಟಿಗೆ ಈ ಗೋಡೆಗೆ ಚಾಚಿದರೆ, ಮುಂದಿನದು ಆ ಗೋಡೆಗೆ ಚಾಚಬೇಕು. ಎರಡೂ ಗೋಡೆ ಒಟ್ಟಿಗೇ ಏಳಲಿ. ಒಂದನ್ನು ಮುಗಿಸಿ ಇನ್ನೊಂದನ್ನು ಆಮೇಲೆ ತಂದು ಅಂಟಿಸಿದರೆ ಅದು ಮೂಲೆಯೇ ಅಲ್ಲ.

ಜಾಸ್ತಿ ಎಡವುವುದು ತೂತು ತುಂಬುವಾಗ. ನಾಲ್ಕೈದು ವರಸೆಗೊಮ್ಮೆ ತುಂಬಿ, ಗೋಡೆ ಪೂರ್ತಿ ಏಳುವವರೆಗೆ ಕಾಯಬೇಡಿ. ಒಳಗೆ ಬಿದ್ದ ಮಣ್ಣು, ಚೂರು ತೆಗೆಯಲು ಬುಡದ ಇಟ್ಟಿಗೆಯಲ್ಲಿ ಸಣ್ಣ ಕಿಂಡಿ ಬಿಟ್ಟಿರಿ. ತೂತಿಗೆ ನೀರು ಚಿಮುಕಿಸಿ, ಇಲ್ಲದಿದ್ದರೆ ಒಣ ಇಟ್ಟಿಗೆ ಕಾಂಕ್ರೀಟಿನ ನೀರನ್ನೆಲ್ಲ ಹೀರುತ್ತದೆ. ಸಿಮೆಂಟ್, ಮರಳು, ಸಣ್ಣ ಜಲ್ಲಿ 1:2:4ರಲ್ಲಿ ಕಲಸಿ, ಸುರಿದರೆ ಇಳಿಯುವಷ್ಟು ತೆಳುವಾಗಿರಲಿ. ತೆಳು ಕಂಬಿಯಿಂದ ಕುಕ್ಕುತ್ತಾ ಹೋಗಿ. ಕಿಂಡಿಯಲ್ಲಿ ಕಾಂಕ್ರೀಟ್ ಕಾಣಿಸಿದರೆ ಬುಡದವರೆಗೆ ಇಳಿದಿದೆ ಎಂದರ್ಥ. ಪ್ರತಿ ಸಲ ತುಂಬುವಾಗಲೂ ಕೊನೆಯ ವರಸೆಯ ತೂತನ್ನು ಅರ್ಧಕ್ಕೇ ನಿಲ್ಲಿಸಿದರೆ ಮುಂದಿನ ಸುರಿತ ಅಲ್ಲಿ ಚೆನ್ನಾಗಿ ಕೂಡಿಕೊಳ್ಳುತ್ತದೆ.

ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು, ಕಿಟಕಿಗಳ ಮೇಲಂಚಿನಲ್ಲಿ, ಮನೆ ಸುತ್ತಲೂ ಬೀಮ್ ಬರಲಿ. ಅದರ ಕಂಬಿಗಳನ್ನು ಮೂಲೆಯಲ್ಲಿ ಕತ್ತರಿಸದೆ ಬಗ್ಗಿಸಿ ಪಕ್ಕದ ಗೋಡೆಗೆ ಒಯ್ಯಿರಿ, ಜೋಡಣೆ ಮೂಲೆಯಿಂದ ದೂರವಿರಲಿ. ನಿಂತ ಕಂಬಿಯ ತುದಿ ಚಾವಣಿಯ ಬೀಮ್‌ನೊಳಗೆ ಬಗ್ಗಿ ಸೇರಬೇಕು. ಬಾಗಿಲು, ಕಿಟಕಿ ಮೂಲೆಯಿಂದ ಕನಿಷ್ಠ 2 ಅಡಿ ಆಚೆಗಿರಲಿ. ಮಹಡಿ ಏರಿಸುವ ಯೋಚನೆಯಿದ್ದರೆ ಕಂಬಿಯ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲೇ ಹಾಕಿಸಿ.