ಕಾಣೆಯಾದ ಮೊದಲ ಪಲ್ಸ್

ನನ್ನ ರೋಲ್ಯಾಂಡ್ ಕಂಪನಿಯ ಟಿಆರ್-606 ಡ್ರಮ್ ಮಷೀನ್ 1981ರ ಪೀಳಿಗೆಯದು. ಸಂಗೀತದ ಯಂತ್ರಗಳೂ ಕಂಪ್ಯೂಟರೂ ಪರಸ್ಪರ ಮಾತಾಡುವ ಡಿಜಿಟಲ್ ಭಾಷೆಯಾದ ಮಿಡಿ ಬಂದದ್ದು 1983ರಲ್ಲಿ. ಈ ಲೆಕ್ಕವನ್ನು ಮೊದಲೇ ಹಾಕಿದ್ದರೆ ಎರಡು ದಿನ ಉಳಿಯುತ್ತಿತ್ತು. ಅದರ ಬೆನ್ನಿನಲ್ಲಿ ಐದು ಪಿನ್ನಿನ ದುಂಡು ಸಾಕೆಟ್ ಕಂಡದ್ದೇ ತಡ, ಕಂಪ್ಯೂಟರಿನ ಮಿಡಿ ಕೇಬಲನ್ನು ಸಿಕ್ಕಿಸಿ ಪ್ಲೇ ಒತ್ತಿದೆ. ಜಪ್ಪಯ್ಯ ಎಂದರೂ ಮಷೀನ್ ಅಲುಗಲಿಲ್ಲ. ಪಾಪ, ಕೇಬಲ್‌ಗಳನ್ನು ಸುಮ್ಮನೆ ಬೈದೆ.

ಸಾಕೆಟ್ ಒಂದೇ, ಭಾಷೆ ಬೇರೆ. ಯಂತ್ರಗಳನ್ನು ಒಂದೇ ತಾಳಕ್ಕೆ ಕಟ್ಟುವ ರೋಲ್ಯಾಂಡ್‌ನ ಹಳೆಯ ಪದ್ಧತಿ ಡಿನ್ ಸಿಂಕ್; ಅದರಲ್ಲಿ ಒಂದನೆಯ ಪಿನ್ ಸ್ಟಾರ್ಟ್-ಸ್ಟಾಪ್, ಎರಡನೆಯದು ಗ್ರೌಂಡ್, ಮೂರನೆಯದು ಕ್ಲಾಕ್, ಅಂದರೆ ತಾಳದ ಟಿಕ್‌ಟಿಕ್. ನುಡಿಸುವಷ್ಟು ಹೊತ್ತೂ ಒಂದನೆಯ ಪಿನ್‌ನಲ್ಲಿ 5 ವೋಲ್ಟ್ ನಿಂತಿರುತ್ತದೆ; ಮೂರನೆಯದರಲ್ಲಿ ಬೀಟ್‌ಗೆ 24 ಪಲ್ಸ್ ಹಾಯುತ್ತವೆ. ಮಿಡಿಯೂ ಬೀಟ್‌ಗೆ 24 ಕ್ಲಾಕ್ ಕಳುಹಿಸುತ್ತದೆ ನಿಜ, ಆದರೆ ಪ್ರತಿಯೊಂದೂ ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಬರುವ ಒಂದು ಬೈಟ್. ವೋಲ್ಟೇಜಿನ ಏರಿಳಿತವಷ್ಟೇ ಗೊತ್ತಿರುವ ಮಷೀನ್ ಅದನ್ನು ಓದುವುದೆಲ್ಲಿಂದ ಬಂತು?

ನಡುವೆ ದುಭಾಷಿ ಬೇಕಾಯಿತು. ಒಂದು ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್, ಮಿಡಿ ಇನ್‌ಪುಟ್‌ಗೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ), ಕೆಲವು ರೆಸಿಸ್ಟರ್ ಸೇರಿಸಿ ಬೆಸುಗೆ ಹಾಕಿದೆ. ಪ್ರೋಗ್ರಾಂ ಸರಳ: ಮಿಡಿಯ ಕ್ಲಾಕ್ ಬೈಟ್ ಎಫ್8 ಬಂದರೆ ಕ್ಲಾಕ್ ಪಿನ್‌ಗೆ ಪಲ್ಸ್, ಶುರುಮಾಡು ಎನ್ನುವ ಎಫ್‌ಎ ಬಂದರೆ ಸ್ಟಾರ್ಟ್ ಪಿನ್ ಮೇಲಕ್ಕೆ, ನಿಲ್ಲಿಸು ಎನ್ನುವ ಎಫ್‌ಸಿ ಬಂದರೆ ಕೆಳಕ್ಕೆ. ಮಷೀನ್ ಓಡಿತು. ಟೆಂಪೋ ಬದಲಿಸಿದರೆ ಜೊತೆಗೇ ಬದಲಾಯಿತು.

ಆದರೂ ಮೆಟ್ರೊನೋಮ್ ಜೊತೆ ಕೇಳಿದಾಗ ಪ್ರತಿ ಪೆಟ್ಟಿಗೂ ಒಂದು ನೆರಳು. ವೇಗ ತಪ್ಪಿದ್ದರೆ ಅಂತರ ಹಿಗ್ಗುತ್ತ ಹೋಗಬೇಕಿತ್ತು. ಇದು ಹಾಗಲ್ಲ, ಉದ್ದಕ್ಕೂ ಅಷ್ಟೇ. ಕಿವಿಯನ್ನು ನಂಬದೆ ಎರಡನ್ನೂ ರೆಕಾರ್ಡ್ ಮಾಡಿ ಅಳೆದೆ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು, ಸುಮಾರು 21 ಮಿಲಿಸೆಕೆಂಡ್ ತಡ. ಬೀಟ್‌ನ 500 ಮಿಲಿಸೆಕೆಂಡನ್ನು 24ರಿಂದ ಭಾಗಿಸಿದಾಗ ಕಳ್ಳ ಸಿಕ್ಕಿಬಿದ್ದ: ಸರಿಯಾಗಿ ಒಂದು ಪಲ್ಸ್ ಕಾಣೆಯಾಗಿತ್ತು. ಸ್ಟಾರ್ಟ್ ಪಿನ್ ಏರಿದ ಬೆನ್ನಲ್ಲೇ ನಾನು ಮೊದಲ ಕ್ಲಾಕನ್ನು ಕಳುಹಿಸುತ್ತಿದ್ದೆ. ಮಷೀನ್ ಇನ್ನೂ ಎದ್ದು ಕೂರುವಷ್ಟರಲ್ಲಿ ಅದು ದಾಟಿ ಹೋಗುತ್ತಿತ್ತು.

ಸ್ಟಾರ್ಟ್ ಪಿನ್ನನ್ನು ತಕ್ಷಣ ಏರಿಸಿ, ಎಲ್ಲ ಕ್ಲಾಕ್‌ಗಳನ್ನೂ 10 ಮಿಲಿಸೆಕೆಂಡ್ ತಡವಾಗಿ ಬಿಟ್ಟೆ. ಮೊದಲನೆಯದನ್ನು ಮಾತ್ರ ತಡೆಯಬಾರದು; ಆಗ ಅದಕ್ಕೂ ಎರಡನೆಯದಕ್ಕೂ ನಡುವಿನ ಅಂತರ ಕುಗ್ಗಿ ಆರಂಭವೇ ಮುಗ್ಗರಿಸುತ್ತದೆ. ಈ 10 ಮಿಲಿಸೆಕೆಂಡನ್ನು ಕಂಪ್ಯೂಟರಿನಲ್ಲಿ ಕ್ಲಾಕನ್ನು ಅಷ್ಟೇ ಮುಂಚೆ ಕಳುಹಿಸಿ ಸರಿದೂಗಿಸಿದೆ. ನೆರಳು ಹೋಯಿತು.

ಉಳಿದದ್ದು ಕಂಪ್ಯೂಟರಿನಿಂದ ಕ್ಲಾಕ್ ಹೊರಡುವ ಯುಎಸ್‌ಬಿಯ ಸಣ್ಣ ನಡುಕ, ಪೆಟ್ಟುಗಳು ಒಂದೆರಡು ಮಿಲಿಸೆಕೆಂಡ್ ಆಚೀಚೆ. ನೇರ ಕಾರ್ಯಕ್ರಮದಲ್ಲಿ ಅದನ್ನು ಲೆಕ್ಕಿಸುವುದಿಲ್ಲ. ರೆಕಾರ್ಡಿಂಗ್‌ಗೆ ಮಾತ್ರ ಪಲ್ಸ್‌ಗಳನ್ನೇ ಒಂದು ಆಡಿಯೊ ಟ್ರ್ಯಾಕ್ ಮಾಡಿ, ಕಂಪ್ಯೂಟರಿನ ಆಡಿಯೊ ಇಂಟರ್‌ಫೇಸಿನ ಬಿಡುವಾಗಿರುವ ಔಟ್‌ಪುಟ್‌ನಿಂದ ಕಳುಹಿಸಿ, 5 ವೋಲ್ಟ್‌ಗೆ ಏರಿಸಿಕೊಳ್ಳುತ್ತೇನೆ. ಆಡಿಯೊ ಸ್ಯಾಂಪಲ್ ಲೆಕ್ಕದಲ್ಲಿ ಹೊರಡುವುದರಿಂದ ನಡುಕವಿಲ್ಲ. ಒಮ್ಮೆ ಆ ಟ್ರ್ಯಾಕನ್ನು ಮರೆತು ಸ್ಪೀಕರಿಗೇ ಬಿಟ್ಟಿದ್ದೆ; ಸಾವಿರ ಜೀರುಂಡೆಗಳು ಒಟ್ಟಿಗೆ ಕಿರುಚಿದಂತಾಯಿತು.

ಮೊನ್ನೆ ಗೆಳೆಯನ ಕೋರ್ಗ್ ಕಂಪನಿಯ ಹಳೆಯ ಡ್ರಮ್ ಮಷೀನನ್ನು ಇದೇ ದುಭಾಷಿ ಪೆಟ್ಟಿಗೆಗೆ ಸೇರಿಸಿದಾಗ ಅರ್ಧ ವೇಗದಲ್ಲಿ ಓಡಿತು. ಆ ಕಾಲದ ಕೋರ್ಗ್‌ಗಳಿಗೆ ಬೀಟ್‌ಗೆ 48 ಪಲ್ಸ್ ಬೇಕು. ಪ್ರತಿ ಎಫ್8ಗೆ ಎರಡು ಪಲ್ಸ್ ಬಿಡುತ್ತಿದ್ದೇನೆ, ಎರಡನೆಯದು ಮುಂದಿನ ಕ್ಲಾಕ್‌ಗೆ ಇರುವ ಅಂತರದ ನಟ್ಟನಡುವೆ.