ಮಟನ್ ಬಿಡುವುದಾದರೆ ಶ್ರಾವಣದಲ್ಲಿ ಶುರು ಮಾಡಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಒಂಬತ್ತು ಹತ್ತು ತಾಸು ಮಷಿನ್ ಮುಂದೆ ಕೂರುತ್ತೇನೆ. ಬಲಗಾಲು ಯಾವಾಗಲೂ ಪೆಡಲ್ ಮೇಲೆ. ಮೂರು ವರ್ಷದ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಅದೇ ಬಲಗಾಲಿನ ಹೆಬ್ಬೆರಳು ಉರಿದು ಎಚ್ಚರವಾಯಿತು. ಬೆರಳಿನ ಬುಡ ಕೆಂಪಾಗಿ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ತೆಳು ಚಾದರ ತಾಗಿದರೂ ಜೀವ ಹೋದಂತಾಗುತ್ತಿತ್ತು. ಏಟು ಬಿದ್ದಿಲ್ಲ, ಮುಳ್ಳು ಚುಚ್ಚಿಲ್ಲ. ಆರು ದಿನ ಪೆಡಲ್ ಒತ್ತಲು ಆಗಲಿಲ್ಲ. ಪೀಸ್ ಲೆಕ್ಕದಲ್ಲಿ ದುಡಿಯುವವನಿಗೆ ಆರು ದಿನ ಅಂದರೆ ಏನು ಅಂತ ನಿಮಗೆ ಗೊತ್ತು.

ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ 8.9 ಬಂತು. ಗಂಡಸರಿಗೆ ಸಾಮಾನ್ಯವಾಗಿ 7ರ ಒಳಗಿರಬೇಕು. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 168 ಇತ್ತು. ಅದು 100ರ ಒಳಗಿದ್ದರೆ ಒಳ್ಳೆಯದು. ಡಾಕ್ಟರು ಇದು ಗೌಟ್ ಅಂದರು. ಮಾತ್ರೆ ಬರೆದುಕೊಟ್ಟು, ಖಂಡ ಬಿಡಿ, ಬಿಯರ್ ಬಿಡಿ, ನೀರು ಜಾಸ್ತಿ ಕುಡಿಯಿರಿ ಅಂದರು. ಹೇಗೆ ಬಿಡಬೇಕು ಅಂತ ಯಾರೂ ಹೇಳಲಿಲ್ಲ. ಎರಡು ಸಲ ಬಿಟ್ಟು ಎರಡು ಸಲವೂ ಸೋತೆ. ಮೂರನೆಯ ಸಲ ಗೆದ್ದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಮಾಂಸದಲ್ಲಿ ಪ್ಯೂರಿನ್ ಅನ್ನುವ ಅಂಶ ಇರುತ್ತದೆ. ಅದು ದೇಹದಲ್ಲಿ ಕರಗಿ ಯೂರಿಕ್ ಆಸಿಡ್ ಆಗುತ್ತದೆ. ಅದನ್ನು ಮೂತ್ರದ ಜೊತೆ ಹೊರಗೆ ಹಾಕುವ ಕೆಲಸ ಕಿಡ್ನಿಯದು. ಬರುವುದು ಜಾಸ್ತಿಯಾಗಿ, ಹೋಗುವುದು ಕಮ್ಮಿಯಾದರೆ ಅದು ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರುತ್ತದೆ. ಆಗ ಬರುವ ಊತ, ನೋವೇ ಗೌಟ್. ಬಿಯರ್ ಎರಡೂ ಕಡೆಯಿಂದ ಹೊಡೆಯುತ್ತದೆ. ಅದರಲ್ಲೂ ಪ್ಯೂರಿನ್ ಇದೆ, ಮೇಲೆ ಕಿಡ್ನಿಯ ಕೆಲಸವನ್ನೂ ತಡೆಯುತ್ತದೆ.

ಇನ್ನು ಕೆಂಪು ಮಾಂಸ ಅಂದರೆ ದನದ್ದು ಮಾತ್ರ ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕುರಿ, ಆಡು, ದನ, ಎಮ್ಮೆ, ಹಂದಿ ಎಲ್ಲವೂ ಕೆಂಪು ಮಾಂಸವೇ. ಕುರಿಗಿಂತ ಆಡಿನಲ್ಲಿ ಕೊಬ್ಬು ಕಮ್ಮಿ, ಅದು ನಿಜ. ಆದರೆ ಪ್ಯೂರಿನ್ ಅದರಲ್ಲೂ ಇದೆ. ಗೌಟ್ ಇಲ್ಲದವರಿಗೂ ಒಂದು ಅಳತೆ ಇದೆ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯವರು ವಾರಕ್ಕೆ ಬೇಯಿಸಿದ ಕೆಂಪು ಮಾಂಸ 350ರಿಂದ 500 ಗ್ರಾಂ ದಾಟಬಾರದು ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ ಪಟ್ಟಿಗೆ ಸೇರಿಸಿತು. ನಾನು ಭಾನುವಾರ ಒಂದೇ ದಿನ ಎರಡು ಹೊತ್ತು ಸೇರಿ ಅರ್ಧ ಕೆಜಿ ತಿನ್ನುತ್ತಿದ್ದೆ. ವಾರದ ನಡುವೆ ಹೋಟೆಲಿನ ಖೈಮಾ ಬೇರೆ.

ಶ್ರಾವಣವೇ ಯಾಕೆ

ಮೊದಲ ಎರಡು ಸಲ ನಾನು ಮಾಡಿದ ತಪ್ಪು ಏನೆಂದರೆ, ನಾಳೆಯಿಂದ ಬಿಟ್ಟೆ ಅಂತ ಸುಮ್ನೆ ಒಬ್ಬನೇ ಶುರು ಮಾಡಿದ್ದು. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ, ಮಸಾಲೆ ವಾಸನೆ ಓಣಿ ತುಂಬುತ್ತದೆ, ನಾನೊಬ್ಬ ಮೊಸರನ್ನ ಹಿಡಿದು ಕೂರಬೇಕು. ನಾಲ್ಕನೇ ಭಾನುವಾರ ಮುರಿದುಬಿದ್ದೆ.

ಮೂರನೇ ಸಲ ನನ್ನ ಹೆಂಡತಿ ಒಂದು ಮಾತು ಹೇಳಿದಳು. "ಶ್ರಾವಣದಾಗ ಒಂದು ತಿಂಗಳು ಮುಟ್ಟಂಗಿಲ್ಲಲ್ರೀ, ಆವಾಗೇನು ಸತ್ತೀರೇನು?" ಆ ಮಾತು ತಲೆಗೆ ಹೋಯಿತು. ನಮ್ಮ ಕಡೆ ಖಂಡ ತಿನ್ನುವ ಎಷ್ಟೋ ಮನೆಗಳಲ್ಲಿ ಶ್ರಾವಣ ಪೂರ್ತಿ ಒಲೆ ಮೇಲೆ ಮಾಂಸ ಏರುವುದಿಲ್ಲ. ಯಾರೂ ಒತ್ತಾಯ ಮಾಡುವುದಿಲ್ಲ, ಯಾರೂ ಕರೆಯುವುದಿಲ್ಲ. ವಾಸನೆಯೂ ಇಲ್ಲ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ ಇರುತ್ತವೆ. ಅರ್ಧ ಕೆಲಸವನ್ನು ಪದ್ಧತಿಯೇ ಮಾಡಿಕೊಡುತ್ತದೆ. ನಾವು ಮಾಡಬೇಕಾದ್ದು ಆ ತಿಂಗಳಿಗೆ ಇನ್ನೊಂದು ತಿಂಗಳು ಹೊಲಿಯುವುದು, ಅಷ್ಟೇ.

ಶ್ರಾವಣ ಇನ್ನೂ ಎರಡು ತಿಂಗಳು ದೂರ ಇದ್ದರೆ ಸುಮ್ನೆ ಕಾಯಬೇಡಿ. ಕಲೇಜಿ, ಗುರ್ದಾ, ಭೇಜಾ, ಬೋಟಿ ಇವತ್ತೇ ನಿಲ್ಲಿಸಿ. ಪ್ಯೂರಿನ್ ವಿಪರೀತ ಇರುವುದು ಇಂಥ ಒಳಗಿನ ಭಾಗಗಳಲ್ಲೇ. ಆಮೇಲೆ ಭಾನುವಾರ ರಾತ್ರಿಯದು ನಿಲ್ಲಿಸಿ, ಮಧ್ಯಾಹ್ನ ಮಾತ್ರ ಇಟ್ಟುಕೊಳ್ಳಿ. ಆಮೇಲೆ ವಾರ ಬಿಟ್ಟು ವಾರ. ಇಷ್ಟರಲ್ಲಿ ಶ್ರಾವಣ ಬಂದಿರುತ್ತದೆ.

ಗೌಟ್ ಇರುವವರು ಇಲ್ಲೊಂದು ಕಡೆ ಎಚ್ಚರ ಇರಲೇಬೇಕು. ಶ್ರಾವಣ ಸೋಮವಾರ, ಶನಿವಾರ ಅಂತ ನೀರೂ ಕುಡಿಯದೆ ಉಪವಾಸ ಮಾಡಬೇಡಿ. ಬರೀ ಹೊಟ್ಟೆಯಲ್ಲಿ ಯೂರಿಕ್ ಆಸಿಡ್ ಏರುತ್ತದೆ, ನೋವು ತಿರುಗಿ ಬರುತ್ತದೆ. ಒಪ್ಪತ್ತು ಮಾಡಿ, ಹಣ್ಣು ಹಾಲು ತಗೊಳ್ಳಿ. ದೇವರು ಬೇಡ ಅನ್ನುವುದಿಲ್ಲ.

ನಿಜವಾದ ಪರೀಕ್ಷೆ ಬೆನಕನ ಅಮಾವಾಸ್ಯೆ ಕಳೆದ ಮೇಲೆ. ಶ್ರಾವಣ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೇ ಮಟನ್ ಅಂಗಡಿ ಮುಂದೆ ಜನ ನಿಂತಿರುತ್ತಾರೆ. ಆ ಒಂದು ಭಾನುವಾರ ಏನು ಅಡುಗೆ ಅಂತ ಮೊದಲೇ ನಿರ್ಧಾರ ಮಾಡಿ, ಸಾಮಾನು ಶನಿವಾರವೇ ತಂದಿಡಿ. ಅವತ್ತು ಸಪ್ಪೆ ಊಟ ಮಾಡಿದಿರೋ, ಕಥೆ ಮುಗಿಯಿತು.

ನಾಲಿಗೆ ಕೇಳುವುದು ಮಸಾಲೆ

ನನಗೆ ತಡವಾಗಿ ಅರ್ಥವಾದ ವಿಷಯ ಇದು. ಭಾನುವಾರ ನಾನು ಕಾಯುತ್ತಿದ್ದದ್ದು ಬರೀ ತುಂಡಿಗಲ್ಲ. ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಕಲ್ಲುಹೂವು, ಖಾರ, ಅದರಲ್ಲಿ ನೆನೆದ ಜೋಳದ ರೊಟ್ಟಿ. ಇದಿಷ್ಟನ್ನೂ ಇಟ್ಟುಕೊಂಡು ಒಳಗಿನದನ್ನು ಮಾತ್ರ ಬದಲಾಯಿಸಿ.

ನಮ್ಮ ಮನೆಯಲ್ಲಿ ಈಗ ಭಾನುವಾರ ಹುರುಳಿಕಟ್ಟಿನ ಸಾರು. ಒಂದು ಲೋಟ ಹುರುಳಿಕಾಳು ಶನಿವಾರ ರಾತ್ರಿ ನೆನೆಹಾಕಿ. ಬೆಳಿಗ್ಗೆ ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಏಳೆಂಟು ಸೀಟಿ ಹೊಡೆಸಿ. ಕಾಳು ಬೆರಳಲ್ಲಿ ಹಿಸುಕಿದರೆ ಹಿಟ್ಟಾಗಬೇಕು. ಕಟ್ಟು ಬಸಿದಿಡಿ, ಕಂದುಬಣ್ಣಕ್ಕೆ ಬಂದಿರುತ್ತದೆ. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಉರಿಯ ಮೇಲೆ ಇಟ್ಟು, ಹೊರಗೆ ಕರಿ ಆಗುವ ತನಕ ಸುಡಿ. ಕರಿ ಸಿಪ್ಪೆ ತೆಗೆದು, ಒಳಗಿನ ಮೆತ್ತಗಿನ ಭಾಗಕ್ಕೆ ಒಂದು ಗಡ್ಡೆ ಬಳ್ಳೊಳ್ಳಿ, ಒಂದು ತುಂಡು ಶುಂಠಿ, ಎರಡು ಚಮಚ ಹುರಿದ ಕೊತ್ತಂಬರಿ ಬೀಜ, ಅರ್ಧ ಚಮಚ ಗಸಗಸೆ, ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಒಂದು ಚೂರು ಕಲ್ಲುಹೂವು, ಎರಡು ಬೆರಳಷ್ಟು ಒಣಕೊಬ್ಬರಿ ಸೇರಿಸಿ ನುಣ್ಣಗೆ ಅರೆಯಿರಿ. ಕೊಬ್ಬರಿ ಅದಕ್ಕಿಂತ ಜಾಸ್ತಿ ಬೇಡ, ಅದರಲ್ಲೂ ಕೊಬ್ಬಿದೆ. ಮೂರು ಚಮಚ ಎಣ್ಣೆಯಲ್ಲಿ ಮಸಾಲೆ ಹಾಕಿ, ಖಾರದಪುಡಿ, ಅರಿಶಿನ ಹಾಕಿ, ಅಂಚಿನಲ್ಲಿ ಎಣ್ಣೆ ಬಿಡುವ ತನಕ ಕೈಯಾಡಿಸಿ. ಇಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಉಳಿಯುತ್ತದೆ. ಆಮೇಲೆ ಕಟ್ಟು ಸುರಿದು, ಒಂದು ಹಿಡಿ ಬೆಂದ ಕಾಳು ಅರೆದು ಹಾಕಿದರೆ ಸಾರು ಗಟ್ಟಿ ಆಗುತ್ತದೆ. ಉಪ್ಪು ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಯಲಿ. ಸೀಳಿದ ಸಣ್ಣ ಬದನೆಕಾಯಿ ಹಾಕಿ, ಇಲ್ಲ ಬೇಯಿಸಿದ ಮೊಟ್ಟೆ ಹಾಕಿ. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಸಂಜೆಗೆ ಉಸುಳಿ ಆಯಿತು.

ಕಾಳು, ಬೇಳೆಯಲ್ಲೂ ಪ್ಯೂರಿನ್ ಇದೆಯಲ್ಲ, ಅದನ್ನೂ ಬಿಡಬೇಕಲ್ವಾ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ನಾನೂ ಹೆದರಿ ಮೂರು ತಿಂಗಳು ತೊಗರಿಬೇಳೆ ಬಿಟ್ಟಿದ್ದೆ. ಅಮೆರಿಕದಲ್ಲಿ 47 ಸಾವಿರ ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಾಂಸ, ಸಮುದ್ರದ ಮೀನು ಜಾಸ್ತಿ ತಿಂದವರಲ್ಲಿ ಗೌಟ್ ಜಾಸ್ತಿ ಇತ್ತು. ಪ್ಯೂರಿನ್ ಇರುವ ಕಾಳು, ಸೊಪ್ಪು ತಿಂದವರಲ್ಲಿ ಜಾಸ್ತಿ ಆಗಲಿಲ್ಲ. ಹಾಲು ಮೊಸರು ತಗೊಂಡವರಲ್ಲಿ ಕಮ್ಮಿಯೇ ಇತ್ತು. ಇದನ್ನು ಡಾಕ್ಟರೇ ನನಗೆ ಬಿಡಿಸಿ ಹೇಳಿದರು. ಅವತ್ತಿನಿಂದ ಬೇಳೆ ಧೈರ್ಯವಾಗಿ ತಿನ್ನುತ್ತೇನೆ. ನಿಮಗೆ ಕಿಡ್ನಿ ತೊಂದರೆ ಇದ್ದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳಿಯೇ ಅಳತೆ ಗೊತ್ತು ಮಾಡಿಕೊಳ್ಳಿ.

ತುಂಡು ಬಿಟ್ಟು ಸಾರು ಉಣ್ಣಬೇಡಿ

ಬಿಟ್ಟ ಐದನೇ ತಿಂಗಳು ಬೀಗರ ಮನೆಯಲ್ಲಿ ಊಟ ಇತ್ತು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ, ತುಂಡು ಬೇಡ, ಬರೀ ಸಾರು ಹಾಕಿ ಅಂದೆ. ಎರಡು ರೊಟ್ಟಿಗೆ ಮೂರು ಸೌಟು ಸಾರು ಉಂಡೆ. ಮೂರನೇ ರಾತ್ರಿ ಬೆರಳು ಮತ್ತೆ ಹಿಡಿಯಿತು. ಪ್ಯೂರಿನ್ ನೀರಿನಲ್ಲಿ ಕರಗುತ್ತದೆ. ಮಾಂಸ ಬೇಯುವಾಗ ಅದು ಸಾರಿಗೆ ಇಳಿಯುತ್ತದೆ. ಪಾಯಾ ಕುಡಿದರೆ ಕಾಲಿಗೆ ಶಕ್ತಿ ಅಂತ ಹಿರಿಯರು ಹೇಳುತ್ತಾರೆ. ಗೌಟ್ ಇರುವ ಕಾಲಿಗೆ ಅದು ಬೇಡವೇ ಬೇಡ. ಬಿರಿಯಾನಿಯಲ್ಲಿ ತುಂಡು ಆರಿಸಿಟ್ಟು ಅನ್ನ ತಿನ್ನುವುದೂ ಇದೇ ತಪ್ಪು.

ಕೋಳಿ ಮತ್ತು ಮೀನು ನಾನು ಪೂರ್ತಿ ಬಿಟ್ಟಿಲ್ಲ. ಅವುಗಳಲ್ಲೂ ಪ್ಯೂರಿನ್ ಇದೆ, ಅದಕ್ಕೇ ಅಳತೆ ಇಟ್ಟುಕೊಂಡಿದ್ದೇನೆ. ವಾರಕ್ಕೆ ಒಂದು ಸಲ ತುಂಗಭದ್ರಾ ಡ್ಯಾಮಿನ ಮೀನು, ಎರಡು ತುಂಡು. ಎಣ್ಣೆಯಲ್ಲಿ ಕರಿಯದೆ ಹುಣಸೆಹುಳಿ ಹಾಕಿ ಮಾಡುತ್ತೇವೆ. ಕೋಳಿ ತಿಂಗಳಿಗೆ ಎರಡು ಸಲ, ಚರ್ಮ ತೆಗೆದು.

ಮಟನ್ ಬಿಟ್ಟ ಹುರುಪಿನಲ್ಲಿ ಸಂಜೆ ದಿನಾ ಮಿರ್ಚಿ, ಮಂಡಕ್ಕಿ ಒಗ್ಗರಣೆ, ಕೂಲ್ ಡ್ರಿಂಕ್ಸ್ ಶುರು ಮಾಡಿದರೆ ಏನೂ ಲಾಭ ಇಲ್ಲ. ಕೂಲ್ ಡ್ರಿಂಕ್ಸಿನ ಸಕ್ಕರೆಯೂ ಯೂರಿಕ್ ಆಸಿಡ್ ಏರಿಸುತ್ತದೆ. ನಮ್ಮ ಯುನಿಟ್ಟಿನ ಹುಡುಗರಿಗೆ ಇದನ್ನು ದಿನಾ ಹೇಳುತ್ತೇನೆ. ಮಜ್ಜಿಗೆ ಕುಡಿಯಿರಿ. ನಮ್ಮೂರ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನಲ್ಲಿ ಬೆವರು ಇಳಿಯುತ್ತಲೇ ಇರುತ್ತದೆ. ಮಷಿನ್ ಪಕ್ಕ ಒಂದು ಲೀಟರಿನ ಬಾಟಲಿ ಇಟ್ಟುಕೊಂಡು ದಿನಕ್ಕೆ ಮೂರು ಸಲ ಖಾಲಿ ಮಾಡುತ್ತೇನೆ.

ಶಕ್ತಿ ಎಲ್ಲಿಂದ

ಖಂಡ ಬಿಟ್ಟರೆ ಕೈಕಾಲು ಸೋಲುತ್ತವೆ ಅನ್ನುವ ಹೆದರಿಕೆ ನನಗೂ ಇತ್ತು. 60 ಕೆಜಿ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ, ಶೇಂಗಾದಲ್ಲಿ ಸುಮಾರು 25. ಒಂದು ಮೊಟ್ಟೆಗೆ ಆರು. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ರೊಟ್ಟಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ರಾತ್ರಿ ಬೇಳೆ. ಲೆಕ್ಕ ಸರಿಹೋಗುತ್ತದೆ.

ಬಿ12 ಮಾತ್ರ ಕಾಳು ಸೊಪ್ಪಿನಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಇದೆ. ಎಲ್ಲವನ್ನೂ ಬಿಡುವವರು ಅದನ್ನೊಮ್ಮೆ ಪರೀಕ್ಷೆ ಮಾಡಿಸಿ. ಕಬ್ಬಿಣದ ಅಂಶ ಮಾಂಸದಿಂದ ಬೇಗ ಸಿಗುತ್ತದೆ, ಸೊಪ್ಪಿನಿಂದ ನಿಧಾನ. ಪುಂಡಿಪಲ್ಯಕ್ಕೆ, ತೆಲುಗಿನವರು ಗೋಂಗೂರ ಅನ್ನುತ್ತಾರಲ್ಲ ಅದಕ್ಕೆ, ಹುಳಿ ಸಹಜವಾಗಿ ಇದೆ. ಹುಳಿ ಸೇರಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಮೆಂತೆ, ರಾಜಗಿರಿಗೆ ನಿಂಬೆಹಣ್ಣು ಹಿಂಡಿ. ಚಹಾ ಅದನ್ನು ತಡೆಯುತ್ತದೆ, ಊಟ ಆದ ಕೂಡಲೇ ಬೇಡ, ಒಂದು ತಾಸು ಬಿಟ್ಟು ಕುಡಿಯಿರಿ. ನನ್ನ ಮಗಳಿಗೆ ಹಿಮೋಗ್ಲೋಬಿನ್ ಕಮ್ಮಿ ಇದೆ. ಅವಳಿಗೆ ನಾನು ಮಟನ್ ಬಿಡಿಸಿಲ್ಲ, ಬಿಡಿಸಲೂಬಾರದು. ನನ್ನ ಕಾಯಿಲೆ ನನ್ನದು.

ಮಾತ್ರೆ ಬಗ್ಗೆ ಮರೆಯಬೇಡಿ. ಊಟ ಬದಲಾಯಿಸಿದ್ದರಿಂದಲೇ ಎಲ್ಲಾ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಊಟದಿಂದ ಯೂರಿಕ್ ಆಸಿಡ್ ಇಳಿಯುವುದು ಸ್ವಲ್ಪ, ದೊಡ್ಡ ಕೆಲಸ ಮಾಡುವುದು ಮಾತ್ರೆ. ಈಗ ನನ್ನದು 5.6 ಇದೆ, ಎಲ್‌ಡಿಎಲ್ 118ಕ್ಕೆ ಇಳಿದಿದೆ. ಗೌಟ್ ಇರುವವರಿಗೆ ಯೂರಿಕ್ ಆಸಿಡ್ 6ರ ಒಳಗೆ ಇರಬೇಕು. ಅಷ್ಟಕ್ಕೆ ಬಂತು ಅಂತ ನನ್ನ ಜೊತೆಯವನೊಬ್ಬ ಮಾತ್ರೆ ನಿಲ್ಲಿಸಿ ನಾಲ್ಕು ತಿಂಗಳಿಗೆ ಮತ್ತೆ ಕುಂಟುತ್ತಾ ಬಂದ.

ಇನ್ನು ಉಳಿದದ್ದು ನೆಂಟರು. ಮಟನ್ ಅಂಗಡಿಯವನು ಎದುರಾದಾಗ "ಯಾಕಣ್ಣಾ, ಈ ಕಡೆ ಕಾಣಂಗೇ ಇಲ್ಲ?" ಅಂತಾನೆ. ಬೆರಳು ತೋರಿಸುತ್ತೇನೆ, ಅವನಿಗೆ ಅರ್ಥ ಆಗುತ್ತದೆ. ಕಷ್ಟ ಬರುವುದು ದೇವರ ಕಾರ್ಯಕ್ಕೆ. ನಮ್ಮ ಅಕ್ಕನ ಮನೆಯವರು ಹುಲಿಗೆಮ್ಮನಿಗೆ ನಡೆದುಕೊಳ್ಳುವವರು. ಹುಲಿಗಿಗೆ ಹೋಗಿ ಬಂದು ಕುರಿ ಕೊಯ್ದು ನೆಂಟರಿಗೆಲ್ಲಾ ಊಟ ಹಾಕುತ್ತಾರೆ. ಎಲೆ ಮುಂದೆ ಕುಳಿತು ಬೇಡ ಅಂದರೆ ಬಡಿಸುವವರಿಗೂ ನೋವು, ನಮಗೂ ಮುಜುಗರ. ಅದಕ್ಕೆ ನಾಲ್ಕು ದಿನ ಮುಂಚೆಯೇ ಫೋನ್ ಮಾಡಿ. ನಾನು ಹೀಗೆ ಹೇಳಿದೆ: "ಅಕ್ಕಾ, ಬರ್ತೀನಿ, ಎಲ್ಲರ ಜೊತೆ ಕುಂದ್ರತೀನಿ, ನನಗ ಖಂಡ ಮಾತ್ರ ಹಾಕಬ್ಯಾಡ, ಕಾಲು ನಿಲ್ಲಂಗಿಲ್ಲ." ಅಕ್ಕ ಒಂದು ಮಾತೂ ಆಡಲಿಲ್ಲ. ಅವತ್ತು ದೊಡ್ಡ ಒಲೆಯ ಪಕ್ಕ ಮೂರು ಕಲ್ಲು ಹೂಡಿ ಸಣ್ಣ ಪಾತ್ರೆಯಲ್ಲಿ ಹುರುಳಿ ಸಾರು ಇಟ್ಟಿದ್ದಳು, ಅದೇ ಮಸಾಲೆ ಹಾಕಿ. ಬಿಪಿ ಇರುವ ಭಾವನೂ ನನ್ನ ಪಕ್ಕ ಕೂತು ಅದನ್ನೇ ಹಾಕಿಸಿಕೊಂಡರು.