ಬಾರಿಯಲ್ಲಿ ಕಲಿತ ಕಿವಿ, ಧಾರವಾಡದ ಬನ್ಸಿ ರವೆ

ಕಳೆದ ಭಾನುವಾರ ಒಂದು ಕಿಲೋದಷ್ಟು ಒರೆಕ್ಕಿಯೆತ್ತೆ, ಅಂದರೆ ಪುಟ್ಟ ಕಿವಿಯಂಥ ಪಾಸ್ತಾ ಮಾಡಿದೆ. ಏಳು ನಿಮಿಷ ಕುದಿಸಿದೆ. ಒಂದೂ ಕರಗಲಿಲ್ಲ, ಒಂದೂ ಒಡೆಯಲಿಲ್ಲ. ಆಲ್ ದೆಂತೆ ಅಂತಾರಲ್ಲ, ಹಲ್ಲಿಗೆ ಸ್ವಲ್ಪ ತಡೆಯುವ ಹದ, ಅದೇ ಸಿಕ್ಕಿತು. ಫೋಟೊ ತೆಗೆದು ನಮ್ಮ ಐವರ ಗುಂಪಿಗೆ ಹಾಕಿದೆ. "ಬನ್ಸಿ ರವೆಯಲ್ಲಿ ಇದೆಲ್ಲ ಆಗಲ್ಲ, ಸುಮ್ನೆ ದುಡ್ಡು ಹಾಳು" ಅಂದಿದ್ದ ಗೆಳತಿ ಒಂದಿಡೀ ದಿನ ಮಾತಾಡಲಿಲ್ಲ. ಮರುದಿನ "ರವೆ ಎಲ್ಲಿ ತಗೊಂಡೆ?" ಅಂತ ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ಎರಡು ವರ್ಷದ ಹಿಂದೆ, ಇಟಲಿಯ ಬಾರಿ ಊರಿನಲ್ಲಿ. ಮೊದಲ ಬಾರಿ ಬಾರಿಗೆ ಹೋದದ್ದು ಅಂತ ಅಲ್ಲಿ ನಾವು ನಕ್ಕಿದ್ದೇ ನಕ್ಕಿದ್ದು. ಎಲ್ಲರೂ ಉತ್ತರದ ಬೊಲೋನ್ಯಾಕ್ಕೆ ಹೋಗಿ ತಾಲ್ಯತೆಲ್ಲೆ ಅನ್ನೋ ರಿಬ್ಬನ್ನಿನಂಥ ಪಾಸ್ತಾ ಕಲಿಯುತ್ತಾರೆ. ಆದರೆ ಅಲ್ಲಿ ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ನಮ್ಮಲ್ಲಿ ಇಬ್ಬರು ಮೊಟ್ಟೆ ಮುಟ್ಟಲ್ಲ. ಬಾರಿ ಇರುವ ದಕ್ಷಿಣದ ಪುಲ್ಯಾದಲ್ಲಿ ಡ್ಯೂರಮ್ ಅನ್ನೋ ಗಟ್ಟಿ ಗೋಧಿಯ ಸಣ್ಣ ರವೆ ಮತ್ತು ನೀರು, ಅಷ್ಟೇ. ಪಾಸ್ತಾ ಕ್ಲಾಸಿಗೆ ತಲೆಗೆ 65 ಯೂರೋ ಆಸುಪಾಸು ಕೊಟ್ಟೆವು. ಐವರಿಗೆ ಮೂವತ್ತು ಸಾವಿರ ರೂಪಾಯಿ ಹತ್ತಿರ ಆಯಿತು. ಊಟ ಅದರಲ್ಲೇ ಸೇರಿತ್ತು ಅನ್ನೋದೇ ಸಮಾಧಾನ.

ಕ್ಲಾಸಿಗೆ ಮೊದಲು ಹಳೇ ಬಾರಿಯ ಆರ್ಕೊ ಬಾಸ್ಸೊ ಓಣಿಯಲ್ಲಿ ಸುತ್ತಿದೆವು. ಹೆಂಗಸರು ಮನೆ ಬಾಗಿಲಲ್ಲೇ ಮಣೆ ಇಟ್ಟುಕೊಂಡು ಕೂತಿರುತ್ತಾರೆ. ಜಾಳಿಗೆಯ ಮೇಲೆ ಸಾವಿರಾರು ಪುಟ್ಟ ಕಿವಿಗಳು ಒಣಗುತ್ತಿರುತ್ತವೆ. ಕಲಿಸಿದ ಅಜ್ಜಿಗೆ ಇಂಗ್ಲಿಷ್ ಬರಲ್ಲ, ನಮಗೆ ಇಟಾಲಿಯನ್ ಬರಲ್ಲ. ಬೇಕಾಗಲೂ ಇಲ್ಲ. ಬೆರಳು ದಪ್ಪದ ಹುರಿ, ಅದರಿಂದ ಉಗುರಿನಷ್ಟು ತುಂಡು. ಹಲ್ಲಿರುವ ಊಟದ ಚಾಕುವನ್ನು ಅದರ ಮೇಲೆ ಒತ್ತಿ ತಮ್ಮ ಕಡೆ ಎಳೆಯುತ್ತಿದ್ದರು. ತುಂಡು ಮುದುರಿಕೊಂಡು ಚಾಕುವಿಗೆ ಅಂಟುತ್ತಿತ್ತು. ಅದನ್ನು ಹೆಬ್ಬೆರಳ ತುದಿಗೆ ಟೋಪಿ ಹಾಕಿದಂತೆ ಒಳಹೊರಗು ಮಾಡಿಬಿಟ್ಟರೆ ಕಿವಿ ರೆಡಿ. ನಾನು ಒಂದು ಮಾಡುವಷ್ಟರಲ್ಲಿ ಅಜ್ಜಿ ಎಂಟು ಮಾಡಿರುತ್ತಿದ್ದರು. ನನ್ನ ಮೊದಲ ನಲವತ್ತನ್ನು ನೋಡಿ ಒಂದೂ ಮಾತಾಡದೆ ಮತ್ತೆ ಉಂಡೆ ಕಟ್ಟಿದರು.

ಊರಿಗೆ ಬಂದ ಮೇಲೆ ನಿಜವಾದ ಕಷ್ಟ. ಇಟಲಿಯ ಸೆಮೊಲಾ, ಅಂದರೆ ಆ ಸಣ್ಣ ರವೆ, ಇಲ್ಲಿ ಕಿಲೋಗೆ ನಾನೂರು ರೂಪಾಯಿ ಹತ್ತಿರ. ಕಲಿಯುವವರು ಹಾಳು ಮಾಡೋದೇ ಜಾಸ್ತಿ, ಅದಕ್ಕೆ ಆ ಬೆಲೆ ಕೊಡೋಕಾಗುತ್ತಾ? ಚಿರೋಟಿ ರವೆಗೆ ಮೈದಾ ಸೇರಿಸಿ ನೋಡಿದೆ. ಕಿವಿ ಚೆನ್ನಾಗೇ ಬಂತು. ನೀರಿಗೆ ಬಿದ್ದ ಮೂರನೇ ನಿಮಿಷಕ್ಕೆ ಗಂಜಿ. ಡ್ಯೂರಮ್ಮೇ ಬೇಕು ಅಂದರೆ ನಮ್ಮಲ್ಲಿ ಬನ್ಸಿ ಇದೆಯಲ್ಲ, ಕಿಲೋ ಎಪ್ಪತ್ತು ರೂಪಾಯಿ. ಆದರೆ ಅದು ಉಪ್ಪಿಟ್ಟಿನ ದಪ್ಪ ರವೆ. ಹಾಗೇ ಕಲಸಿದರೆ ಒದ್ದೆ ಮರಳು, ಚಾಕು ಎಳೆದ ಕೂಡಲೇ ಬಿರುಕು.

ಇನ್ನೂ ಸಣ್ಣ ಮಾಡೋಣ ಅಂತ ಐದು ಕಿಲೋ ಗಿರಣಿಗೆ ಕೊಟ್ಟೆ. ನನಗಿಂತ ಮುಂಚೆ ಯಾರೋ ಬ್ಯಾಡಗಿ ಮೆಣಸಿನಕಾಯಿ ಬೀಸಿಸಿದ್ದರು. ಹಿಟ್ಟು ತಿಳಿ ಕೇಸರಿ ಬಣ್ಣ, ಮೂಗಿಗೆ ಬಂದರೆ ಸೀನು. ಎಸೆಯೋಕೆ ಮನಸ್ಸಾಗದೆ ಎರಡು ವಾರ ಖಾರದ ಪಾಸ್ತಾನೇ ತಿಂದೆವು. ಮಕ್ಕಳಿಗೆ ಅದೇ ಇಷ್ಟ ಆಗಿದ್ದು ಬೇರೆ ವಿಷಯ. ಈಗ ಮಿಕ್ಸಿಯಲ್ಲೇ ಇನ್ನೂರು ಇನ್ನೂರು ಗ್ರಾಂ ಮಾಡುತ್ತೇನೆ. ಜಾರು ಬಿಸಿಯಾದರೆ ನಿಲ್ಲಿಸಬೇಕು. ಮೈದಾ ಜರಡಿಯಲ್ಲಿ ಸೋಸಿ, ಉಳಿದದ್ದು ಬೆಳಗಿನ ಉಪ್ಪಿಟ್ಟಿಗೆ.

ಅಷ್ಟಾದರೂ ಅಂಚು ಒಡೆಯುತ್ತಿತ್ತು. ಎಷ್ಟು ನಾದಿದರೂ ಅಷ್ಟೇ. ಒಂದು ದಿನ ಚಿಕ್ಕಮ್ಮ ಬಂದು ನೋಡಿ, "ಇದನ್ನ ನಾದ್ತಾರೇನು? ಕುಟ್ಟಬೇಕು" ಅಂದರು. ಅವರು ಮದುವೆ ಮನೆಗೆ ಗವಲಿ, ಸೌತೆಬೀಜ ಅನ್ನೋ ಪುಟ್ಟ ಶಾವಿಗೆಗಳನ್ನು ಹೊಸೆದ ಕೈ. ಶಾವಿಗೆ ಹಿಟ್ಟನ್ನು ಕುಟ್ಟುವುದು ನನಗೂ ಗೊತ್ತಿತ್ತು, ತಲೆಗೆ ಹೊಳೆದಿರಲಿಲ್ಲ ಅಷ್ಟೇ. ಇಟಲಿಗೆ ಹೋಗಿ ಬಂದವಳಿಗೆ ಉತ್ತರ ಹಿತ್ತಲ ಒರಳಲ್ಲಿ ಸಿಕ್ಕಿತು. ಅರ್ಧ ಕಿಲೋ ಹಿಟ್ಟಿಗೆ ಬೆಚ್ಚಗಿನ ನೀರು 235 ಗ್ರಾಂ ಹತ್ತಿರ, ಹಿಟ್ಟು ಗಟ್ಟಿ ಅನಿಸಲೇಬೇಕು. ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಟ್ಟು ಹತ್ತು ನಿಮಿಷ ಕುಟ್ಟುತ್ತೇನೆ. ನೀರು ಹಾಕುವ ಮುಂಚೆ ಚಿಕ್ಕಮ್ಮ ಇನ್ನೊಂದು ಕೆಲಸ ಮಾಡುತ್ತಾರೆ. ಅದನ್ನು ಬರೀಬೇಡ ಅಂದಿದ್ದಾರೆ, ಬರೆಯಲ್ಲ.

ಇನ್ನೊಂದು, ಗ್ರಾನೈಟ್ ಕಟ್ಟೆಯ ಮೇಲೆ ಕಿವಿ ಆಗಲ್ಲ. ತುಂಡು ಜಾರುತ್ತದೆ, ಮುದುರುವುದಿಲ್ಲ. ಬಡಗಿಯ ಹತ್ತಿರ ಮುನ್ನೂರು ಕೊಟ್ಟು ಸಾಗವಾನಿಯ ಹಲಗೆ ತಂದೆ. ಪಾಲಿಶ್ ಬೇಡ ಅಂತ ಮೂರು ಸಲ ಹೇಳಬೇಕಾಯಿತು.

ಪುಲ್ಯಾದಲ್ಲಿ ಸುಟ್ಟ ಗೋಧಿಯ ಹಿಟ್ಟು ಬೆರೆಸಿಯೂ ಮಾಡುತ್ತಾರೆ, ಗ್ರಾನೊ ಆರ್ಸೊ ಅಂತ. ಕೂಳೆಗೆ ಬೆಂಕಿ ಹಾಕಿದ ಮೇಲೆ ಉಳಿದ ಕಾಳನ್ನು ಬಡವರು ಆರಿಸಿ ತಂದು ಬೀಸುತ್ತಿದ್ದರು ಅನ್ನುತ್ತಾರೆ. ಬನ್ಸಿ ರವೆಯನ್ನೇ ಕಪ್ಪಗೆ ಹುರಿದು ಪ್ರಯತ್ನಿಸಿದೆ. ಐದರಲ್ಲಿ ಒಂದು ಪಾಲು ಹಾಕಿದರೆ ಹೊಗೆಯ ಘಮ ಚೆನ್ನಾಗಿರುತ್ತದೆ. ಜಾಸ್ತಿಯಾದರೆ ಕಹಿ, ಹಿಟ್ಟಿಗೆ ಅಂಟೂ ಇರಲ್ಲ. ರಾಗಿಯಲ್ಲೂ ಮಾಡಿ ನೋಡಿದೆ. ಅದರ ಬಗ್ಗೆ ಏನೂ ಹೇಳದಿರೋದೇ ಒಳ್ಳೇದು.

ಅಲ್ಲಿ ಚಿಮೆ ದಿ ರಾಪಾ ಸೊಪ್ಪು ಹಾಕುತ್ತಾರೆ. ನಾನು ಸಾಸಿವೆ ಸೊಪ್ಪು, ಸಿಗದಿದ್ದರೆ ಮೂಲಂಗಿ ಸೊಪ್ಪು ಹಾಕುತ್ತೇನೆ. ಸೊಪ್ಪು ಬೆಂದ ನೀರಿಗೇ ಕಿವಿಗಳನ್ನು ಹಾಕಬೇಕು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೈಬಿಚ್ಚಿ ಆಲಿವ್ ಎಣ್ಣೆ. ಅಲ್ಲಿಯವರು ಆಂಚೊವಿ ಮೀನು ಕರಗಿಸುತ್ತಾರೆ, ನಾನು ಮೇಲೆ ಹುರಿದ ಬ್ರೆಡ್ ಪುಡಿ ಉದುರಿಸುತ್ತೇನೆ.

ಒರಳು, ಹಲಗೆ, ಹಾಳಾದ ರವೆ ಎಲ್ಲ ಸೇರಿ ನಾಲ್ಕು ಸಾವಿರ ಕೈಬಿಟ್ಟಿರಬೇಕು. ಭಾನುವಾರ ಒಂದು ಹಿಡಿ ಹಸಿ ಕಿವಿ ಉಳಿದಿತ್ತು. ಚಿಕ್ಕಮ್ಮ ಅದನ್ನು ಮನೆಗೆ ಒಯ್ದು ಬೆಲ್ಲ ಹಾಕಿ ಹುಗ್ಗಿ ಮಾಡಿದರು. ಒಂದೊಂದು ಕಿವಿಯ ಗುಳಿಯಲ್ಲೂ ಪಾಕ ನಿಂತಿತ್ತು. "ಗವಲಿಗಿಂತ ಇದೇ ಛಲೋ ಅದ" ಅಂತ ಇನ್ನೊಂದು ಬಟ್ಟಲು ಬಡಿಸಿಕೊಂಡರು.